ಕ್ರೌನ್-ಪಿನಿಯನ್ ಸೆಟ್ಟಿಂಗಿಗೆ ಸಾಮಾನು ಹುಡುಕಿದ್ದು

ನಮ್ಮದು ಹಳೇ ಮಹೀಂದ್ರ ಜೀಪು, ಸಿಜೆ3ಬಿ. ಬಾನೆಟ್ ಎತ್ತರ ಇರೋ ಮಾದರಿ. ಗಂಟೆಗೆ 40 ಕಿ.ಮೀ. ದಾಟಿದ ಕೂಡಲೇ ಹಿಂದಿನ ಆಕ್ಸಲ್‌ನಿಂದ ಕೂಗು ಶುರುವಾಗುತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಕಾಲು ತೆಗೆದಾಗ ಇನ್ನೊಂದು. ಚಕ್ರದ ಬೇರಿಂಗ್ ಹೋಗಿದ್ದರೆ ಕಾಲು ಒತ್ತಿದರೂ ತೆಗೆದರೂ ಸದ್ದು ಹೆಚ್ಚು ಕಡಿಮೆ ಒಂದೇ ಇರುತ್ತದೆ. ಕಾಲಿನ ಜೊತೆ ದನಿ ಬದಲಾದರೆ ಡಿಫರೆನ್ಶಿಯಲ್ ಒಳಗಿನ ಕ್ರೌನ್-ಪಿನಿಯನ್ ಮೇಲೆ, ಅಂದರೆ ಎಂಜಿನ್ನಿನ ಬಲವನ್ನು ಚಕ್ರಗಳ ಕಡೆ ತಿರುಗಿಸುವ ದೊಡ್ಡ-ಸಣ್ಣ ಹಲ್ಲುಚಕ್ರಗಳ ಜೋಡಿಯ ಮೇಲೆ, ಅನುಮಾನ ಪಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಡಿಫರೆನ್ಶಿಯಲ್‌ನ ಬೇರಿಂಗ್ ಬದಲಾಯಿಸಿದ್ದೆವು. ಕೂಗು ಹೋಗಲಿಲ್ಲ, ಜಾಸ್ತಿಯೇ ಆಯಿತು. ಈ ಸಲ ಕವರ್ ಬಿಚ್ಚಿ ಒಳಗೆ ನೋಡಿದಾಗ ಕಾರಣ ಗೊತ್ತಾಯಿತು. ಒಂದು ಕಡೆ ಶಿಮ್ (ಅಂತರ ಹೊಂದಿಸಲು ಹಾಕುವ ತೆಳು ಲೋಹದ ಬಳೆ) ಇರಬೇಕಾದ ಜಾಗದಲ್ಲಿ ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ ಹಾಕಿದ್ದರು. ಡಬ್ಬಿಯ ಹಸಿರು ಬಣ್ಣ ಇನ್ನೂ ಉಳಿದಿತ್ತು. ಬೇಸಿಗೆ ರಜೆ ಬೇರೆ ಹತ್ತಿರ ಬಂದಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಏಪ್ರಿಲ್, ಮೇ ನನ್ನ ಕೈಯಲ್ಲೇ ಇತ್ತು. ಬೆಳಗಾವಿಯ ಅನಗೋಳದ ಮನೆಯ ಹಿಂದೆ ತಗಡಿನ ಶೆಡ್ಡೂ ಇತ್ತು. ನಾನೇ ಮಾಡೋಣ ಅಂತ ತೀರ್ಮಾನ ಮಾಡಿದೆ.

ಸರ್ವಿಸ್ ಪುಸ್ತಕ ತೆಗೆದರೆ ಪುಟಕ್ಕೊಂದು ಸ್ಪೆಷಲ್ ಟೂಲ್. ಚಕ್ರ ಕೂರುವ ಹಬ್ ಎಳೆಯುವ ಪುಲ್ಲರ್ ಒಂದು, ಸೈಡ್ ಬೇರಿಂಗ್ ಪುಲ್ಲರ್ ಇನ್ನೊಂದು. ಡಿಫರೆನ್ಶಿಯಲ್‌ನ ಹೊರಕವಚವಾದ ಹೌಸಿಂಗ್ ಅಗಲಿಸುವ ಸ್ಪ್ರೆಡರ್, ಪಿನಿಯನ್ ಆಳ ಅಳೆಯುವ ಗೇಜ್, ಬೇರಿಂಗ್ ಕಪ್ (ಹೊರ ರಿಂಗ್) ಕೂರಿಸುವ ಡ್ರೈವರ್. ಒಂದೊಂದಕ್ಕೂ ಕಂಪನಿಯ ನಂಬರ್. ಆ ನಂಬರ್ ಹಿಡಿದು ಅಂಗಡಿಗೆ ಹೋದರೆ ಈಗ ಏನೂ ಸಿಗುವುದಿಲ್ಲ. ಸುಮ್ನೆ ಕೂತು ಆ ಟೂಲ್ ನಿಜವಾಗಿ ಮಾಡೋದೇನು ಅಂತ ಒಂದೊಂದರ ಮುಂದೆ ಬರೆದೆ. ಎಳೆಯುವುದು, ಒತ್ತುವುದು, ಅಳೆಯುವುದು. ಬೇರೆ ಕೆಲಸವೇ ಇಲ್ಲ. ಎಳೆಯುವ, ಒತ್ತುವ ಸಾಮಾನು ನಮ್ಮೂರಲ್ಲಿ ಮಾಡಿಸಬಹುದು, ಇಲ್ಲವೇ ಕೇಳಿ ತರಬಹುದು. ಅಳೆಯುವುದನ್ನು ಮಾತ್ರ ದುಡ್ಡು ಕೊಟ್ಟು ಒಳ್ಳೆಯದೇ ತರಬೇಕು ಅಂತ ಆಗಲೇ ನಿರ್ಧರಿಸಿದೆ. ಕೆಲಸ ಮುಗಿಯುವ ತನಕ ಆ ಲೆಕ್ಕ ಹೆಚ್ಚು ಬದಲಾಗಲಿಲ್ಲ.

ಮೊದಲ ತೊಡಕು ಪಾನಾದ್ದೇ. ಈ ಜೀಪಿನ ನಟ್ಟು ಬೋಲ್ಟು ಎಲ್ಲ ಇಂಚಿನವು. ಪಿನಿಯನ್ ನಟ್ ಒಂದೂ ಕಾಲರ್ಧ, ಅಂದರೆ 1 ಇಂಚು ಮತ್ತು 1/8. ಮಿ.ಮೀ.ನಲ್ಲಿ 28.6. ಖಡೇಬಜಾರಿನ ಅಂಗಡಿಗಳಲ್ಲಿ 28 ಇದೆ, 30 ಇದೆ, 32 ಬೇಕಾದಷ್ಟಿದೆ. 28 ಹತ್ತುವುದಿಲ್ಲ, 30 ಸಡಿಲ. ‘ತಗೋರಿ ಸರ, ನಡೀತೈತಿ’ ಅಂತ ಅಂಗಡಿಯವರು 30 ಕೈಗೆ ಕೊಡುತ್ತಾರೆ. ಬಿಗಿ ಇಲ್ಲದ ನಟ್ಟಿಗೆ ಅದು ನಡೆದೀತು. ಪಿನಿಯನ್ ನಟ್ ಬಿಗಿ ಮಾಡುವುದು 200ರಿಂದ 220 ಅಡಿ-ಪೌಂಡ್, ಅಂದರೆ 271ರಿಂದ 298 ನ್ಯೂಟನ್-ಮೀಟರ್. ಅಷ್ಟು ಬಲ ಹಾಕಿದಾಗ ಸಡಿಲ ಸಾಕೆಟ್ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ.

ಸಿಕ್ಕಿದ್ದು ಆಟೋ ನಗರದಲ್ಲಿ. ಅಲ್ಲಿ ಟ್ರಾಕ್ಟರ್ ಮತ್ತು ಹಳೇ ಲಾರಿ ಕೆಲಸ ಮಾಡುವ ಮಿಸ್ತ್ರಿ ಕಾಕಾ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಅವರ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಮುಕ್ಕಾಲು ಇಂಚು ಡ್ರೈವಿನ ಇಂಚಿನ ಸಾಕೆಟ್ ಸೆಟ್ಟಿನ ಅರ್ಧ ಭಾಗ ಇತ್ತು. ಒಂದೂ ಕಾಲರ್ಧ ಅದರಲ್ಲೇ.

‘ಏನ್ ಮಾಡಾವ್ರು ಮಾಸ್ತರ ಇದನ್ನ?’

‘ಹಿಂದಿನ ಡಿಫರೆನ್ಶಿಯಲ್ ಬಿಚ್ಚಾಕತ್ತೇನ್ರಿ ಕಾಕಾ. ಮನ್ಯಾಗ.’

‘ಮನ್ಯಾಗ ಕ್ರೌನ್ ಸೆಟ್ಟಿಂಗ್?’ ಕಾಕಾ ಬೀಡಿ ಕೆಳಗಿಟ್ಟರು. ‘ಹುಡುಗಾಟ ಅಲ್ರಿ ಅದು. ಡಯಲ್ ಐತೇನು ನಿಮ್ಮ ಕಡೆ?’

ಕೈಯಲ್ಲಿ ಹಿಡಿದು ಅಲ್ಲಾಡಿಸಿ ‘ಪ್ಲೇ ಸರಿ ಐತಿ’ (ಹಲ್ಲುಗಳ ನಡುವಿನ ಸಡಿಲ ಸರಿ ಇದೆ) ಅನ್ನುವವರನ್ನೇ ಅಲ್ಲಿಯ ತನಕ ನೋಡಿದ್ದೆ. ಆ ಸೂಕ್ಷ್ಮ ಅಲುಗಾಟ ಅಳೆಯುವ ಡಯಲ್ ಗೇಜ್ ಇದೆಯಾ ಅಂತ ಮೊದಲೇ ಕೇಳಿದವರು ಇವರು. ಆಮೇಲೆ ಏನೇ ಅನುಮಾನ ಬಂದರೂ ನೇರ ಅವರ ಹತ್ತಿರ ಹೋದೆ.

ಹಬ್ ಪುಲ್ಲರ್ ಕೊಟ್ಟಿದ್ದೂ ಅವರೇ. ಈ ಜೀಪಿನ ಹಿಂದಿನ ಆಕ್ಸಲ್ ಶಾಫ್ಟಿನ ತುದಿ ಕೋನಾಕಾರ. ಹಬ್ ಅದರ ಮೇಲೆ ಕೀ ಸಮೇತ ಕಚ್ಚಿಕೊಂಡು ಕೂತಿರುತ್ತದೆ. ಹಬ್ ಬರದೆ ಶಾಫ್ಟ್ ಬರುವುದಿಲ್ಲ, ಶಾಫ್ಟ್ ಬರದೆ ಕ್ರೌನ್ ಕೂತಿರುವ ಡಿಫರೆನ್ಶಿಯಲ್ ಕೇಜ್ ಹೊರಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೂರು ಕಾಲಿನ ಪುಲ್ಲರ್ ಡ್ರಮ್ಮಿನ ಅಂಚು ಹಿಡಿಯುತ್ತದೆ. ಅದರಲ್ಲಿ ಎಳೆದರೆ ಡ್ರಮ್ ಬಾಗುತ್ತದೆ, ಹಬ್ ಅಲ್ಲಾಡುವುದಿಲ್ಲ. ಬೇಕಾದದ್ದು ಚಕ್ರದ ಸ್ಟಡ್ಡುಗಳಿಗೇ ನಟ್ ಹಾಕಿ ಕೂರಿಸುವ, ನಡುವೆ ದಪ್ಪ ಸ್ಕ್ರೂ ಇರುವ ಪುಲ್ಲರ್. ಕಾಕಾನ ಪುಲ್ಲರ್ ಯಾವ ಕಂಪನಿಯದೂ ಅಲ್ಲ. ಯಾರೋ ಟರ್ನರ್ ದಪ್ಪ ಪ್ಲೇಟಿನಲ್ಲಿ ಮಾಡಿಕೊಟ್ಟದ್ದು.

ಕೊಡುವಾಗ ಎರಡು ಮಾತು ಹೇಳಿದರು. ಆಕ್ಸಲ್ ನಟ್ ಪೂರ್ತಿ ತೆಗೆಯಬೇಡಿ, ನಾಲ್ಕು ಸುತ್ತು ಶಾಫ್ಟಿನ ಮೇಲೆ ಇರಲಿ. ಹಬ್ ಬಿಡುವಾಗ ಗುಂಡಿನ ಸದ್ದು ಮಾಡಿ ಹಾರುತ್ತದೆ, ನಟ್ ಇದ್ದರೆ ಅಲ್ಲೇ ನಿಲ್ಲುತ್ತದೆ. ಎರಡನೆಯದು, ‘ಶಾಫ್ಟಿನ ತುದಿಗೆ ಹಾತೋಡಿ ಹಾಕಬ್ಯಾಡ್ರಿ. ಬಿಗಿ ಮಾಡಿ ಮನಿ ಒಳಗ ಹೋಗಿ ಉಣ್ರಿ, ಮಲ್ಕೋರಿ. ಅದು ತಾನ ಬಿಡತೈತಿ.’ ಎಡಗಡೆಯ ಹಬ್ ಸಂಜೆಯೇ ಬಿಟ್ಟಿತು. ಬಲಗಡೆಯದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸ್ಕ್ರೂ ಬಿಗಿ ಮಾಡಿ ಬಿಟ್ಟಿದ್ದೆ. ನಡುರಾತ್ರಿ ಶೆಡ್ಡಿನಿಂದ ಢಮ್ ಅಂತ ಸದ್ದು ಬಂತು. ಮನೆಯವಳು ಎದ್ದು ಕೂತಳು. ನಾನು ಖುಷಿಯಿಂದ ಮತ್ತೆ ಮಲಗಿದೆ.

ಕೇಜ್ ಹೊರಗೆ ತೆಗೆಯುವ ಮೊದಲು ಅದರ ಬೇರಿಂಗುಗಳನ್ನು ಹಿಡಿದಿಡುವ ಕ್ಯಾಪ್ ಎರಡಕ್ಕೂ ಸೆಂಟರ್ ಪಂಚ್‌ನಿಂದ ಗುರುತು ಹಾಕಿದೆ, ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು. ಕ್ಯಾಪ್‌ಗಳನ್ನು ಹೌಸಿಂಗ್ ಜೊತೆಗೇ ಸೇರಿಸಿ ಬೋರ್ ಮಾಡಿರುತ್ತಾರೆ. ಅದಲು ಬದಲಾದರೆ ಬೇರಿಂಗ್ ಕೂರುವ ಜಾಗ ದುಂಡಗಿರುವುದಿಲ್ಲ. ಕ್ರೌನಿನ ಹಲ್ಲು ಎಣಿಸಿದೆ, 43. ಪಿನಿಯನ್ನಿಗೆ 8. ಭಾಗಿಸಿದರೆ 5.38ರ ಅನುಪಾತ. ಹೊಸ ಸೆಟ್ ತರುವಾಗ ಇದೇ ಲೆಕ್ಕ ಬೇಕು, ಇಲ್ಲದಿದ್ದರೆ ಮುಂದಿನ ಆಕ್ಸಲ್‌ಗೆ ಹೊಂದಾಣಿಕೆ ಆಗದೆ ಫೋರ್ ವೀಲ್ ಹಾಕಿದ ಕೂಡಲೇ ಗಾಡಿ ತನ್ನ ಜೊತೆಗೇ ಜಗಳ ಶುರುಮಾಡುತ್ತದೆ. ಹಳೇ ಹಲ್ಲುಗಳು ಒಂದು ತುದಿಯಲ್ಲಿ ಸವೆದು ಹೊಳೆಯುತ್ತಿದ್ದವು. ಹೊಸ ಕ್ರೌನ್-ಪಿನಿಯನ್ ಬೇಕೇ ಬೇಕು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಬಿಡಿಭಾಗ ತರಿಸಿದ ಕಥೆ ಬೇಡ, ದುಡ್ಡು ಕೊಟ್ಟರೆ ಬರುತ್ತವೆ.

ಈಗ ನಿಜವಾದ ಕೆಲಸ. ಈ ಆಕ್ಸಲ್‌ನಲ್ಲಿ ಶಿಮ್ ಮೂರು ಕಡೆ ಇದೆ. ಪಿನಿಯನ್ನಿನ ಆಳ ನಿರ್ಧರಿಸುವ ಶಿಮ್ ಹೌಸಿಂಗ್ ಒಳಗೆ, ಒಳ ಬೇರಿಂಗ್ ಕಪ್ಪಿನ ಹಿಂದೆ. ಪಿನಿಯನ್ ಬೇರಿಂಗಿನ ಬಿಗಿತದ ಶಿಮ್ ಶಾಫ್ಟಿನ ಮೇಲೆ, ಹೊರ ಬೇರಿಂಗಿನ ಮುಂಚೆ. ಕ್ರೌನ್ ಎಡಕ್ಕೋ ಬಲಕ್ಕೋ ಸರಿಯಲು ಬೇಕಾದ ಶಿಮ್ ಕೇಜಿನ ಎರಡೂ ಬದಿಯ ಸೈಡ್ ಬೇರಿಂಗುಗಳ ಕೆಳಗೆ. ತೊಂದರೆ ಇಷ್ಟೇ: ಕೂರಿಸಿ, ಅಳೆದು, ಸರಿ ಇಲ್ಲದಿದ್ದರೆ ಮತ್ತೆ ಬೇರಿಂಗ್ ಕಿತ್ತು ಶಿಮ್ ಬದಲಾಯಿಸಬೇಕು. ಒಂದೇ ಸಲಕ್ಕೆ ಯಾರಿಗೂ ಸರಿ ಬರುವುದಿಲ್ಲ. ಪ್ರತಿ ಸಲ ಕಿತ್ತರೆ ಹೊಸ ಬೇರಿಂಗ್ ಹಾಳು.

ಸೈಡ್ ಬೇರಿಂಗ್ ಕೀಳುವುದಕ್ಕೆ ಸಾಮಾನ್ಯ ಪುಲ್ಲರಿನ ಉಗುರು ಒಳಗೆ ಹೋಗುವುದಿಲ್ಲ. ರೋಲರ್ ಪಂಜರವನ್ನು ಹಿಡಿದು ಎಳೆಯುತ್ತದೆ, ಪಂಜರ ಕಿತ್ತು ಕೈಗೆ ಬರುತ್ತದೆ, ಒಳ ರಿಂಗ್ ಅಲ್ಲೇ ಕೂತಿರುತ್ತದೆ. ಇದಕ್ಕೆ ಬೇರಿಂಗ್ ಸೆಪರೇಟರ್ ಅನ್ನುವ ಸಾಮಾನು ಇದೆ. ಎರಡು ಅರ್ಧಚಂದ್ರ ಪ್ಲೇಟು, ಒಳ ಅಂಚು ಉಳಿಯಂತೆ ತೆಳ್ಳಗೆ, ಎರಡನ್ನೂ ಬೋಲ್ಟ್ ಹಾಕಿ ಬಿಗಿ ಮಾಡಿದರೆ ಅಂಚು ರಿಂಗಿನ ಕೆಳಗೆ ತೂರಿಕೊಳ್ಳುತ್ತದೆ. ಇದನ್ನು ಕೊಂಡೆ. ಆದರೆ ಅದರ ಅಂಚು ನಮ್ಮ ಕೇಜಿನ ಸಂದಿಗೆ ದಪ್ಪವಾಯಿತು. ಉದ್ಯಮಬಾಗಕ್ಕೆ ತಗೊಂಡು ಹೋಗಿ ಗ್ರೈಂಡಿಂಗ್ ಮಾಡಿಸಿದೆ.

ಉದ್ಯಮಬಾಗದ ಬಗ್ಗೆ ಇಲ್ಲೊಂದು ಮಾತು. ಬೆಳಗಾವಿ ಅಂದರೆ ಹೊರಗಿನವರಿಗೆ ಕುಂದಾ ನೆನಪಾಗುತ್ತದೆ. ಖಾನಾಪುರ ರಸ್ತೆಯಲ್ಲಿ ಉದ್ಯಮಬಾಗ ದಾಟಿ ಮಚ್ಛೆಯ ತನಕ ಒಮ್ಮೆ ನಡೆದು ನೋಡಬೇಕು. ಎರಕದ ಕಾರ್ಖಾನೆ, ಹೈಡ್ರಾಲಿಕ್ ಸಿಲಿಂಡರ್, ಹೋನಿಂಗ್, ಗ್ರೈಂಡಿಂಗ್, ಸಿಎನ್‌ಸಿ ಯಂತ್ರಗಳ ಸಾಲು ಸಾಲು ಶೆಡ್. ಹತ್ತರಗಿಯ ಕಡೆ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಮೈಕ್ರಾನ್ ಲೆಕ್ಕದಲ್ಲಿ ಮಾತಾಡುವವರು ಇಲ್ಲಿ ಚಹಾದಂಗಡಿಯಲ್ಲೇ ಸಿಗುತ್ತಾರೆ. ಒಂದೇ ಒಂದು ಬಿಡಿಭಾಗ ಹಿಡಿದುಕೊಂಡು ಬರುವ ನನ್ನಂಥವನನ್ನು ದೊಡ್ಡ ಕಾರ್ಖಾನೆಯವರು ಒಳಗೆ ಬಿಡುವುದಿಲ್ಲ, ಅದು ಸಹಜ. ಎರಡು ಮೂರು ಮಷೀನ್ ಇಟ್ಟುಕೊಂಡ ಜಾಬ್ ವರ್ಕ್ ಶೆಡ್ಡಿಗೆ ಹೋಗಬೇಕು. ಅದೂ ಬೆಳಗ್ಗೆ ಬೇಡ. ಊಟದ ಹೊತ್ತಿನಲ್ಲಿ, ಇಲ್ಲವೇ ಸಂಜೆ ಶಿಫ್ಟ್ ಬದಲಾಗುವಾಗ. ಆಗ ಕೇಳಿಸಿಕೊಳ್ಳುವ ಪುರಸೊತ್ತು ಇರುತ್ತದೆ.

ಅಲ್ಲಿಯೇ ನನಗೆ ಬೇಕಾದ ಮುಖ್ಯ ಟೂಲ್ ತಯಾರಾಯಿತು. ಇದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ರಯೋಗದ ಬೇರಿಂಗ್. ಹಳೇ ಸೈಡ್ ಬೇರಿಂಗುಗಳ ಒಳತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿದರೆ ಅವು ಕೇಜಿನ ಮೇಲೆ ಕೈಯಲ್ಲೇ ಜಾರಿ ಕೂರುತ್ತವೆ, ಕೈಯಲ್ಲೇ ಬರುತ್ತವೆ. ಶಿಮ್ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಲೆಕ್ಕ ಸರಿ ಬಂದ ಮೇಲೆ ಹೊಸ ಬೇರಿಂಗನ್ನು ಒಂದೇ ಸಲ ಒತ್ತಿ ಕೂರಿಸಿದರಾಯಿತು. ಪಿನಿಯನ್ ಒಳ ಬೇರಿಂಗಿಗೂ ಇದೇ ಉಪಾಯ. ಅಲ್ಲಿ ಶಿಮ್ ಇರುವುದು ಕಪ್ಪಿನ ಹಿಂದೆ. ಹಾಗಾಗಿ ಹಳೇ ಕಪ್ಪಿನ ಹೊರಮೈಯನ್ನು ತೆಳ್ಳಗೆ ಮಾಡಬೇಕು.

ಲೇತ್ ಇದ್ದವರ ಹತ್ತಿರ ಮೊದಲು ಕೇಳಿದೆ. ಬೇರಿಂಗ್ ಉಕ್ಕು ಗಡಸು, ಸಾದಾ ಟೂಲ್ ಹತ್ತುವುದಿಲ್ಲ, ಇಂಟರ್ನಲ್ ಗ್ರೈಂಡಿಂಗ್ ಬೇಕು ಅಂದರು. ಹೈಡ್ರಾಲಿಕ್ ವಾಲ್ವಿನ ತೂತು ಗ್ರೈಂಡ್ ಮಾಡುವ ಒಬ್ಬ ಹುಡುಗ ಒಪ್ಪಿಕೊಂಡ. ಎಷ್ಟು ತೆಗೀಲಿ ಅಂತ ಕೇಳಿದ. ಕೇಜಿನ ಕಂಠವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಬೇರಿಂಗಿನ ತೂತನ್ನು ಬೋರ್ ಗೇಜಿನಲ್ಲಿ ಅಳೆದು, ಕಂಠಕ್ಕಿಂತ ತೂತು 0.02 ಮಿ.ಮೀ. ದೊಡ್ಡದಿರಲಿ ಅಂತ ಇಬ್ಬರೂ ಸೇರಿ ಗೊತ್ತು ಮಾಡಿದೆವು. ಅದಕ್ಕಿಂತ ಸಡಿಲವಾದರೆ ಬೇರಿಂಗ್ ಓರೆಯಾಗಿ ಕೂತು ಅಳತೆಯೇ ಸುಳ್ಳಾಗುತ್ತದೆ.

ಇನ್ನೊಂದು ಅನುಮಾನವನ್ನು ಅವನೇ ಎತ್ತಿದ. ‘ಹಳೇ ಬೇರಿಂಗ್ ಸವದಿರತೈತಲ್ರಿ ಸರ. ಹೊಸದರ ಎತ್ತರ ಬ್ಯಾರೆ ಬಂದ್ರ?’ ಬಲು ಒಳ್ಳೆಯ ಪ್ರಶ್ನೆ. ಅವನ ಸರ್ಫೇಸ್ ಪ್ಲೇಟಿನ (ಅಳತೆಗೆ ಬಳಸುವ ಸಮತಟ್ಟು ಹಲಗೆ) ಮೇಲೆ ಹಳೆಯದನ್ನೂ ಹೊಸದನ್ನೂ ಕಪ್ ಸಮೇತ ಪಕ್ಕಪಕ್ಕ ಇಟ್ಟು ಡಯಲ್ ಓಡಿಸಿದೆವು. ಸೈಡಿನ ಹಳೇ ಬೇರಿಂಗುಗಳಲ್ಲಿ ಒಂದು ಹೊಸದಕ್ಕಿಂತ 0.03 ಮಿ.ಮೀ. ಗಿಡ್ಡ ಇತ್ತು. ಅದನ್ನು ಬೇರಿಂಗ್ ಮೇಲೆಯೇ ಮಾರ್ಕರ್‌ನಿಂದ ಬರೆದುಕೊಂಡೆ. ಕೊನೆಯ ಶಿಮ್ ಲೆಕ್ಕದಲ್ಲಿ ಆ 0.03 ಕಳೆದೆ.

ಅಳೆಯುವ ಸಾಮಾನಿಗೆ ಬರೋಣ. ಡಯಲ್ ಗೇಜ್ 0.01 ಮಿ.ಮೀ. ತೋರಿಸುವಂಥದ್ದು, ಪುಣೆಯ ಬೇಕರ್ ಕಂಪನಿಯದು, ಜೊತೆಗೆ ಮ್ಯಾಗ್ನೆಟ್ ಸ್ಟ್ಯಾಂಡ್. ಪುಸ್ತಕ ಹೇಳುವುದೆಲ್ಲ ಥೌ ಲೆಕ್ಕ, ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ಒಂದು. ಒಂದು ಥೌ ಅಂದರೆ 0.0254 ಮಿ.ಮೀ. ಇಂಚಿನ ಡಯಲ್ ಹುಡುಕಿ ಹೊತ್ತು ಕಳೆಯುವುದಕ್ಕಿಂತ ಗೋಡೆಯ ಮೇಲೆ ಒಂದು ಕೋಷ್ಟಕ ಬರೆದು ಅಂಟಿಸಿದ್ದು ಲೇಸಾಯಿತು. ಸ್ಟ್ಯಾಂಡನ್ನು ಅಗ್ಗದಲ್ಲಿ ತರಬೇಡಿ ಅನ್ನುವುದು ನನ್ನ ಮಾತು. ಡಯಲ್ ಎಷ್ಟೇ ಒಳ್ಳೆಯದಿದ್ದರೂ ಸ್ಟ್ಯಾಂಡಿನ ತೋಳು ಬಾಗಿದರೆ ಮುಳ್ಳು ಅಲ್ಲಾಡುತ್ತದೆ. ಹಲ್ಲು ಅಲ್ಲಾಡಿತೋ ತೋಳು ಅಲ್ಲಾಡಿತೋ ಗೊತ್ತೇ ಆಗುವುದಿಲ್ಲ.

ಶಿಮ್ ಅಳೆಯಲು ಶಾಲೆಯ ಲ್ಯಾಬಿನ ಸ್ಕ್ರೂ ಗೇಜ್ ಸಾಕಲ್ವಾ ಅನ್ನಿಸಿತ್ತು. ಅದರ ಲೀಸ್ಟ್ ಕೌಂಟ್ ಕೂಡ 0.01 ಮಿ.ಮೀ. ತಾನೇ. ಆದರೆ ಮಕ್ಕಳು ವರ್ಷಗಟ್ಟಲೆ ತಿರುವಿ ತಿರುವಿ ಅದರ ಝೀರೋ ಎರರ್ ಒಂದೊಂದು ಸಲ ಒಂದೊಂದು ಬರುತ್ತದೆ. ಎರರ್ ಇದ್ದರೆ ಕಳೆಯಬಹುದು, ಸ್ಥಿರ ಇಲ್ಲದ ಎರರನ್ನು ಏನು ಮಾಡೋದು? ಹಳೇ ಮಿಟುಟೊಯೊ ಮೈಕ್ರೋಮೀಟರ್ ಒಂದು ಕಡಿಮೆ ಬೆಲೆಗೆ ಸಿಕ್ಕಿತು. ಗ್ರೈಂಡಿಂಗ್ ಹುಡುಗನ ಪಕ್ಕದ ಶೆಡ್ಡಿನಲ್ಲಿ ಸ್ಲಿಪ್ ಗೇಜ್, ಅಂದರೆ ನಿಖರ ದಪ್ಪದ ತುಂಡುಗಳು, ಇತ್ತು. 5 ಮಿ.ಮೀ., 10 ಮಿ.ಮೀ., 20 ಮಿ.ಮೀ. ಇಟ್ಟು ನೋಡಿದೆವು. ಮೂರರಲ್ಲೂ ಸರಿ. ತಗೊಂಡೆ.

ಪಿನಿಯನ್ ಬೇರಿಂಗಿನ ಬಿಗಿತ ಅಳೆಯುವುದು ಬೇರೆಯೇ ಲೋಕ. ಹೊಸ ಬೇರಿಂಗ್ ಹಾಕಿ ನಟ್ ಪೂರ್ತಿ ಬಿಗಿ ಮಾಡಿದ ಮೇಲೆ, ಕ್ರೌನ್ ಇಲ್ಲದೆ, ಸೀಲ್ ಇಲ್ಲದೆ ಪಿನಿಯನ್ ತಿರುಗಿಸಲು 20ರಿಂದ 40 ಇಂಚು-ಪೌಂಡ್ ಬಲ ಬೇಕು. ಅಷ್ಟು ಸಣ್ಣ ಬಲ ತೋರಿಸುವ ಟಾರ್ಕ್ ರೆಂಚ್ ಊರಲ್ಲಿ ಕೇಳಿದೆ. ಎಲ್ಲರೂ ಚಕ್ರದ ನಟ್ಟಿಗೆ ಬಳಸುವ ದೊಡ್ಡದನ್ನೇ ತೋರಿಸಿದರು. ಅದರಲ್ಲಿ ಈ ಬಲಕ್ಕೆ ಗುರುತೇ ಇಲ್ಲ. ಕೂತು ಲೆಕ್ಕ ಹಾಕಿದೆ. 20 ಇಂಚು-ಪೌಂಡ್ ಅಂದರೆ ಸುಮಾರು 2.3 ನ್ಯೂಟನ್-ಮೀಟರ್. 10 ಸೆಂ.ಮೀ. ತ್ರಿಜ್ಯದ ಚಕ್ರಕ್ಕೆ ದಾರ ಸುತ್ತಿ ಎಳೆದರೆ 2.3 ಕೆ.ಜಿ. ತೂಕದಷ್ಟು ಎಳೆತ. 40ಕ್ಕೆ 4.6 ಕೆ.ಜಿ. ಬಡಿಗೇರ ಗೆಳೆಯನ ಹತ್ತಿರ ಪ್ಲೈವುಡ್ಡಿನಲ್ಲಿ 20 ಸೆಂ.ಮೀ. ವ್ಯಾಸದ ಚಕ್ರ ಕತ್ತರಿಸಿಕೊಂಡು, ಅಂಚಿಗೆ ದಾರ ಕೂರುವ ಗೀರು ಹೊಡೆಸಿ, ಪಿನಿಯನ್ನಿನ ಯೋಕಿಗೆ (ಪ್ರೊಪೆಲ್ಲರ್ ಶಾಫ್ಟ್ ಸೇರುವ ತುದಿ) ಬೋಲ್ಟ್ ಹಾಕಿದೆ. ಎಳೆತ ಅಳೆಯಲು ಮನೆಯಲ್ಲಿ ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆಯ ಡಿಜಿಟಲ್ ಕಾಟಾ ಇತ್ತು.

‘ರೀ, ಅದಕ್ಕ ಗ್ರೀಸ್ ಹತ್ತಬಾರದು ನೋಡ್ರಿ’ ಅಂದಳು ಮನೆಯವಳು. ಹತ್ತಿತು. ಹೊಸದು ತಂದುಕೊಟ್ಟೆ. ಹಳೆಯದು ಈಗ ಶೆಡ್ಡಿನ ಸಾಮಾನು.

ಕಾಟಾ ಸರಿ ತೋರಿಸುತ್ತದೆಯೇ ಅಂತ 20 ಲೀಟರ್ ನೀರಿನ ಕ್ಯಾನನ್ನು ಖಾಲಿ, ತುಂಬಿ ಎರಡೂ ತೂಗಿ ನೋಡಿದೆ. ವ್ಯತ್ಯಾಸ 20 ಕೆ.ಜಿ.ಗೆ ಬಹಳ ಹತ್ತಿರ ಬಂತು. ದಾರ ಎಳೆಯುವಾಗ ಮೊದಲ ಜಗ್ಗಿಗೆ ಬರುವ ಅಂಕಿ ಲೆಕ್ಕಕ್ಕಿಲ್ಲ. ಚಕ್ರ ಒಂದೇ ವೇಗದಲ್ಲಿ ತಿರುಗುತ್ತಿರುವಾಗ ಬರುವ ಅಂಕಿ ನೋಡಬೇಕು. ಶಿಮ್ ತೆಗೆದರೆ ಬಿಗಿತ ಹೆಚ್ಚುತ್ತದೆ, ಸೇರಿಸಿದರೆ ಇಳಿಯುತ್ತದೆ. ಒಂದೇ ಥೌ ಆಚೀಚೆ ಆದರೂ ಕಾಟಾದ ಅಂಕಿ ಎದ್ದು ಕಾಣುವಷ್ಟು ಬದಲಾಗುತ್ತದೆ. ಕೈಯಂದಾಜಿನಲ್ಲಿ ಇದು ಹೇಗೆ ಸಾಧ್ಯ ಅಂತ ಇವತ್ತಿಗೂ ನನಗೆ ಆಶ್ಚರ್ಯ. ಕಾಕಾನಂಥವರ ಕೈಗೆ ಸಾಧ್ಯ, ಒಪ್ಪುತ್ತೇನೆ. ತಗಡು ಕತ್ತರಿಸಿ ಹಾಕಿದವರ ಕೈಗೆ ಆಗಲಿಲ್ಲ ಅಷ್ಟೇ.

ಅದೇ ಕಾಟಾ ಪಿನಿಯನ್ ನಟ್ಟಿಗೂ ಬಂತು. ಒಂದು ಮೀಟರ್ ಉದ್ದದ ಪೈಪಿನ ತುದಿಗೆ ಕೊಕ್ಕೆ ಹಾಕಿ, ಪೈಪಿಗೆ ಲಂಬವಾಗಿ ಎಳೆದೆ. 28ರಿಂದ 30 ಕೆ.ಜಿ. ತೋರಿಸಿದರೆ ಪುಸ್ತಕ ಹೇಳಿದಷ್ಟೇ ಬಿಗಿ. ಯೋಕ್ ತಿರುಗದಂತೆ ಹಿಡಿಯಲು ದಪ್ಪ ಪಟ್ಟಿಗೆ ಎರಡು ತೂತು ಕೊರೆಸಿ ಬೋಲ್ಟ್ ಹಾಕಿದ್ದೆ, ಅದರ ಇನ್ನೊಂದು ತುದಿ ನೆಲಕ್ಕೆ ಒರಗಿತ್ತು. ವೆಲ್ಡರ್ ಇದಕ್ಕೆ ದುಡ್ಡೇ ತಗೊಳ್ಳಲಿಲ್ಲ.

ಪಿನಿಯನ್ ಆಳದ ಗೇಜ್ ನನಗೆ ಕೊನೆಗೂ ಸಿಗಲಿಲ್ಲ, ಬೇಕಾಗಲೂ ಇಲ್ಲ. ಪಿನಿಯನ್ನಿನ ತಲೆಯ ಮೇಲೆ ಪ್ಲಸ್ ಅಥವಾ ಮೈನಸ್ ಅಂಕಿ ಕೆತ್ತಿರುತ್ತಾರೆ, ಥೌ ಲೆಕ್ಕದಲ್ಲಿ. ಹಳೆಯದರ ಮೇಲೆ +2 ಇತ್ತು, ಹೊಸದರ ಮೇಲೆ –1. ಪ್ಲಸ್ ಅಂದರೆ ಪಿನಿಯನ್ ಕ್ರೌನಿನ ಮಧ್ಯದಿಂದ ಅಷ್ಟು ಹೆಚ್ಚು ದೂರ ಇರಬೇಕು, ಶಿಮ್ ಕಡಿಮೆ ಬೇಕು. ಹಾಗಾಗಿ ಹೊಸದಕ್ಕೆ 3 ಥೌ ಹೆಚ್ಚಿನ ಶಿಮ್. ಕಾರ್ಖಾನೆಯ ಹಳೇ ಶಿಮ್ ಕಪ್ಪಿನ ಹಿಂದೆ ಹಾಗೇ ಇತ್ತು, ಆ ಗ್ಯಾರೇಜಿನವರು ಅಲ್ಲಿಗೆ ಕೈ ಹಾಕಿರಲಿಲ್ಲ. ಅದಕ್ಕೆ 3 ಸೇರಿಸಿ ಶುರುಮಾಡಿದೆ. ಹೊಸ ಬೇರಿಂಗಿನ ಎತ್ತರ ಬೇರೆ ಇದ್ದರೆ ಈ ಲೆಕ್ಕವೂ ಅಲ್ಲಾಡುತ್ತದೆ, ಅದನ್ನೂ ಸರ್ಫೇಸ್ ಪ್ಲೇಟಿನ ಮೇಲೆ ನೋಡಿಕೊಂಡಿದ್ದೆವು.

ಆಳ ನಿಜವಾಗಿ ಸರಿ ಇದೆಯೋ ಅನ್ನುವುದನ್ನು ಹೇಳುವುದು ಬಣ್ಣ. ಐಟಿಐ ಕಲಿತವರಿಗೆ ಪ್ರಶಿಯನ್ ಬ್ಲೂ ಗೊತ್ತು. ನೀಲಿ ಬಣ್ಣ ನಮ್ಮ ಶೆಡ್ಡಿನ ಬೆಳಕಿನಲ್ಲಿ ಕಾಣಲೇ ಇಲ್ಲ. ಹಳದಿ ಆಯಿಲ್ ಪೇಂಟ್ ಟ್ಯೂಬ್ ತಂದು, ಎರಡು ಹನಿ ಎಣ್ಣೆ ಬೆರೆಸಿ, ಬ್ರಷ್‌ನಿಂದ ನಾಲ್ಕೈದು ಹಲ್ಲಿಗೆ ತೆಳ್ಳಗೆ ಹಚ್ಚಿದೆ. ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ಪಿನಿಯನ್ ಎರಡೂ ದಿಕ್ಕಿಗೆ ತಿರುಗಿಸಿದರೆ ಹಲ್ಲು ತಾಗಿದ ಕಡೆ ಬಣ್ಣ ಅಳಿಸುತ್ತದೆ. ಗುರುತು ಹಲ್ಲಿನ ತಲೆಯ ಕಡೆ ಬಂದರೆ ಪಿನಿಯನ್ ಇನ್ನೂ ಒಳಗೆ ಹೋಗಬೇಕು. ಬುಡದ ಕಡೆ ಬಂದರೆ ಹೊರಗೆ ಬರಬೇಕು. ನನ್ನದು ಮೊದಲು ಬುಡಕ್ಕೆ ಬಂತು. ಪ್ರಯೋಗದ ಕಪ್ ಕೈಯಲ್ಲೇ ತೆಗೆದು 2 ಥೌ ಕಡಿಮೆ ಮಾಡಿದೆ, ಹಲ್ಲಿನ ನಡುವಿಗೆ ಬಂತು. ಹೊಸ ಕಪ್ಪನ್ನೇ ಹೊಡೆದು ಹೊಡೆದು ತೆಗೆಯಬೇಕಾಗಿದ್ದರೆ ಇಷ್ಟು ನೋಡುವ ತಾಳ್ಮೆ ಇರುತ್ತಿತ್ತೋ ಇಲ್ಲವೋ.

ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಪ್ಲೇ, ಅಳೆಯುವುದು ಸಲೀಸು. ಡಯಲಿನ ಮೊನೆ ಕ್ರೌನ್ ಹಲ್ಲಿನ ಹೊರತುದಿಗೆ ನೇರ ತಾಗುವಂತೆ ಇಟ್ಟು, ಪಿನಿಯನ್ ಅಲ್ಲಾಡದಂತೆ ಹಿಡಿದು ಕ್ರೌನ್ ಆಡಿಸಬೇಕು. 5ರಿಂದ 10 ಥೌ ನಡುವೆ ಬರಬೇಕು, ಅಂದರೆ 0.13ರಿಂದ 0.25 ಮಿ.ಮೀ. ಕ್ರೌನಿನ ಬೆನ್ನಿನ ಕಡೆ ಶಿಮ್ ಸೇರಿಸಿ ಅಷ್ಟನ್ನೇ ಇನ್ನೊಂದು ಕಡೆ ತೆಗೆದರೆ ಅದು ಪಿನಿಯನ್ನಿನ ಹತ್ತಿರ ಸರಿದು ಪ್ಲೇ ಇಳಿಯುತ್ತದೆ. 10 ಥೌ ಸರಿಸಿದರೆ ಪ್ಲೇ ಸುಮಾರು 7 ಥೌ ಬದಲಾಗುತ್ತದೆ. ಸುತ್ತಲೂ ಬೇರೆ ಬೇರೆ ಹಲ್ಲಿಗೆ ಇಟ್ಟು ನೋಡಬೇಕು. 3 ಥೌ ಮೀರಿ ವ್ಯತ್ಯಾಸ ಬಂದರೆ ಕ್ರೌನ್ ಕೂತ ಜಾಗದಲ್ಲಿ ಕಸ ಇದೆ, ಇಲ್ಲವೇ ಕೇಜ್ ಓರೆ.

ಒತ್ತುವ ಕೆಲಸಕ್ಕೆ ಪ್ರೆಸ್ ಕೊಳ್ಳಲಿಲ್ಲ. ಉದ್ಯಮಬಾಗದಲ್ಲಿ ಯಾವ ಹೈಡ್ರಾಲಿಕ್ ಶೆಡ್ಡಿಗೆ ಹೋದರೂ ಒಂದು ಪ್ರೆಸ್ ನಿಂತಿರುತ್ತದೆ. ಪಿನಿಯನ್ ಬೇರಿಂಗ್ ಅಲ್ಲೇ ಒತ್ತಿಸಿದೆ. ಸೈಡ್ ಬೇರಿಂಗುಗಳನ್ನು ಮನೆಯಲ್ಲೇ ಎಣ್ಣೆಯ ಪಾತ್ರೆಯಲ್ಲಿ 100 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ ಇಳಿಸಿದೆ. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಬೇಡಿ. 120 ದಾಟಿದರೆ ಬೇರಿಂಗಿನ ಗಡಸುತನಕ್ಕೇ ಪೆಟ್ಟು.

ಸ್ಪ್ರೆಡರ್ ಒಂದೇ ಉಳಿದಿತ್ತು. ಸೈಡ್ ಬೇರಿಂಗಿಗೂ ಬಿಗಿತ ಬೇಕಾದ್ದರಿಂದ ಕೊನೆಗೆ ಕೇಜ್ ಹೌಸಿಂಗಿಗಿಂತ ತುಸು ಅಗಲ ಆಗುತ್ತದೆ, ಸಲೀಸಾಗಿ ಒಳಗೆ ಹೋಗುವುದಿಲ್ಲ. ಹೌಸಿಂಗಿನ ಎರಡೂ ಕಡೆ ಸ್ಪ್ರೆಡರಿಗಾಗಿಯೇ ತೂತು ಬಿಟ್ಟಿದ್ದಾರೆ. ಹಳೇ ಟ್ರಾಕ್ಟರಿನ ಟಾಪ್ ಲಿಂಕ್ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ನಡುವಿನ ಕೊಳವೆ ತಿರುಗಿಸಿದರೆ ಎರಡೂ ತುದಿ ಹೊರಗೆ ಹೋಗುತ್ತವೆ. ಕಾಕಾನ ಗುಜರಿಯಲ್ಲಿ ಬಿದ್ದಿದ್ದ ಒಂದು ಟಾಪ್ ಲಿಂಕನ್ನು ಕತ್ತರಿಸಿ, ತುದಿಗಳಿಗೆ ಪಟ್ಟಿ ಮತ್ತು ಪಿನ್ ಬೆಸೆಸಿ ಸ್ಪ್ರೆಡರ್ ಮಾಡಿದೆವು. ಹೌಸಿಂಗಿಗೆ ಡಯಲ್ ಹಚ್ಚಿಯೇ ತಿರುಗಿಸಬೇಕು. 20 ಥೌ, ಅಂದರೆ ಅರ್ಧ ಮಿ.ಮೀ. ದಾಟಿದರೆ ಹೌಸಿಂಗ್ ಮತ್ತೆ ಮೊದಲಿನ ಆಕಾರಕ್ಕೆ ಬರದೇ ಇರಬಹುದು. ನಾನು 12ಕ್ಕೆ ನಿಲ್ಲಿಸಿದೆ. ಕೇಜ್ ತೊಗಲಿನ ಸುತ್ತಿಗೆಯ ಎರಡು ಪೆಟ್ಟಿಗೆ ಒಳಗೆ ಕೂತಿತು.

ಆಮೇಲಿನದು ಬಿಚ್ಚಿದ್ದನ್ನೇ ತಿರುವು ಮುರುವಾಗಿ ಜೋಡಿಸುವುದು. ಕ್ಯಾಪ್ ಬೋಲ್ಟ್, ಸೀಲ್, ಶಾಫ್ಟ್, ಹಬ್, ಇಪಿ 90 ಗೇರ್ ಎಣ್ಣೆ.

ಹೊಸ ಹಲ್ಲನ್ನು ಮೊದಲ ದಿನವೇ ದುಡಿಸಬಾರದು. ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಬೇಕು. ಜಾಂಬೋಟಿ ರಸ್ತೆಯಲ್ಲಿ ಹೀಗೇ ನಿಲ್ಲಿಸುತ್ತಾ ಹೋದೆ. ಪ್ರತಿ ಸಲ ಇಳಿದು ಪಿನಿಯನ್ ಕಡೆ ಹೌಸಿಂಗ್ ಮುಟ್ಟಿ ನೋಡಿದೆ. ಬಿಸಿ ಇತ್ತು, ಕೈ ಇಡಲು ಆಗುವಷ್ಟು. ಕಾಲು ಒತ್ತಿದಾಗಿನ ಕೂಗು ಪೂರ್ತಿ ಹೋಗಿದೆ. 60ರ ಹತ್ತಿರ ಕಾಲು ತೆಗೆದಾಗ ಒಂದು ಸಣ್ಣ ಗುಂಯ್ ಈಗಲೂ ಇದೆ. ಹಲ್ಲಿನ ಹಿಂಬದಿಯ (ಕಾಲು ತೆಗೆದಾಗ ತಾಗುವ ಕಡೆಯ) ಬಣ್ಣದ ಗುರುತು ಹೊರತುದಿಯ ಕಡೆ ಸ್ವಲ್ಪ ಸರಿದಿತ್ತು, ಮುಂಬದಿ ಚೆನ್ನಾಗಿ ಬಂದಿದ್ದರಿಂದ ಬೇಕೆಂದೇ ಹಾಗೆ ಬಿಟ್ಟಿದ್ದೆ. ಕಾಕಾ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದರು. ‘ಇರಲಿ ಬಿಡ್ರಿ ಮಾಸ್ತರ. ಇದಕ್ಕ ಮತ್ತ ಬಿಚ್ಚಬ್ಯಾಡ್ರಿ.’

800 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ, ಬಟ್ಟಲಲ್ಲಿ ಮ್ಯಾಗ್ನೆಟ್ ಆಡಿಸಿದೆ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಬಂತು, ಉಗುರಿಗೆ ಸಿಗುವ ಚೂರು ಒಂದೂ ಇರಲಿಲ್ಲ. ಮುಂದಿನ ಆಕ್ಸಲ್‌ನ ಪಿನಿಯನ್ ಸೀಲ್ ಈಗ ಸೋರುತ್ತಿದೆ. ಅದರ ಬೇರಿಂಗ್ ಅಳತೆ ಬೇರೆ, ಪ್ರಯೋಗದ ಬೇರಿಂಗ್ ಹೊಸದಾಗಿ ಮಾಡಿಸಬೇಕು. ಪ್ಲೈವುಡ್ ಚಕ್ರ, ಕಾಟಾ, ಒಂದು ಮೀಟರ್ ಪೈಪು ಇವೇ ನಡೆಯುತ್ತವೆ. ಸೆಪರೇಟರ್ ಮಾತ್ರ ಸದ್ಯಕ್ಕೆ ಕಾಕಾನ ಹತ್ತಿರ ಇದೆ, ಯಾವುದೋ ಟೆಂಪೋ ಕೆಲಸಕ್ಕೆ ಅಂತ ಒಯ್ದಿದ್ದಾರೆ.